ಪ್ಯಾಡ್ ಸುಡುವ ಯಂತ್ರ ಕೊಳ್ಳಬೇಡಿ, ಮತ್ತೆ ಕೇಳಬೇಡಿ

ಆಸ್ಪತ್ರೆ ಕಸ, ಅಪಾಯಕಾರಿ ಕಸ ಇವುಗಳ ವಿಲೇವಾರಿಯೇ ನನ್ನ ಕೆಲಸ. ಹಸಿ ಕಸ ಹಸಿರು ಡಬ್ಬಿಗೆ, ಒಣ ಕಸ ಚೀಲಕ್ಕೆ, ಪ್ಯಾಡ್ ಮತ್ತು ಡೈಪರ್ ಕೆಂಪು ಡಬ್ಬಿಗೆ ಎಂದು ಹೈಕೋರ್ಟ್ 2015ರ ಡಿಸೆಂಬರಿನಲ್ಲೇ ಬೆಂಗಳೂರಿಗೆ ಹೇಳಿದೆ. ಅದನ್ನು ನಾನಿಲ್ಲಿ ಮತ್ತೆ ಹೇಳುವುದಿಲ್ಲ. ಈ ಸಲ ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ ಕೊಟ್ಟಿದ್ದೇನೆ. ಬೇರೆ ಬೇರೆ ಬಡಾವಣೆಗಳಿಂದ ಅದೇ ಪ್ರಶ್ನೆ ಬರುತ್ತಲೇ ಇದೆ, ನನಗೂ ಸಾಕಾಗಿದೆ.

ನಮ್ಮದು ದೊಡ್ಡ ಅಪಾರ್ಟ್‌ಮೆಂಟ್. ಕಂಪನಿಯೊಂದರವರು ಬಂದು ಅಯಸ್ಕಾಂತದ ಇನ್ಸಿನರೇಟರ್ ತೋರಿಸಿದರು. ಕರೆಂಟ್ ಬೇಡ, ಡೀಸೆಲ್ ಬೇಡ, ಹೊಗೆ ಬರಲ್ಲ, ಪ್ಯಾಡ್, ಡೈಪರ್, ಸಿರಿಂಜ್, ಪ್ಲಾಸ್ಟಿಕ್ ಎಲ್ಲ ಒಂದು ಹಿಡಿ ಬೂದಿಯಾಗುತ್ತದೆ ಅಂತಾರೆ. ಕಮಿಟಿಯಲ್ಲಿ ಎಲ್ಲರೂ ಒಪ್ಪಿದ್ದಾರೆ. ನೀವೇನು ಹೇಳ್ತೀರಿ ಮೇಡಂ? (ಬೆಳ್ಳಂದೂರು)

ಕೊಳ್ಳಬೇಡಿ. ಕಮಿಟಿಯವರಿಗೆ ಈ ಉತ್ತರ ಓದಿಸಿ.

ಮೊದಲು ಅಯಸ್ಕಾಂತದ ಕಥೆ ಮುಗಿಸಿಬಿಡೋಣ. ಒಳಗೆ ಹೋಗುವ ಗಾಳಿ ಅಯಸ್ಕಾಂತಗಳ ನಡುವೆ ಹಾದು ಚಾರ್ಜ್ ಆಗುತ್ತದಂತೆ, ಆ ಆಮ್ಲಜನಕ ಕಸವನ್ನು ಅಣು ಅಣುವಾಗಿ ಒಡೆಯುತ್ತದಂತೆ. ಆಮ್ಲಜನಕಕ್ಕೆ ಅಯಸ್ಕಾಂತದ ಕಡೆ ಒಂಚೂರು ಸೆಳೆತ ಇರುವುದು ನಿಜ. ಅಷ್ಟೇ ನಿಜ. ಪೈಪಿಗೆ ನಾಲ್ಕು ಅಯಸ್ಕಾಂತ ಅಂಟಿಸಿದರೆ ಗಾಳಿಯ ಗುಣ ಬದಲಾಗುವುದಿಲ್ಲ. ಪೆಟ್ಟಿಗೆಯೊಳಗೆ ಇರುವುದು ಬೂದಿ ಮುಚ್ಚಿದ ಕೆಂಡ. ಗಾಳಿ ಸಾಲದೆ, ಉರಿ ಏಳದೆ, ಕಸ ನಿಧಾನಕ್ಕೆ ಕರಕಲಾಗುತ್ತದೆ. ಇಂಧನವೇ ಬೇಡ ಅಂದಾಗಲೇ ನಿಮಗೆ ಅನುಮಾನ ಬರಬೇಕಿತ್ತು. ನೆನೆದ ಡೈಪರ್ ಅಂದರೆ ಒದ್ದೆ ಸೌದೆ ಇದ್ದ ಹಾಗೆ. ಇರುವ ಶಾಖವೆಲ್ಲ ಅದರ ನೀರು ಆರಿಸುವುದಕ್ಕೇ ಹೋಗುತ್ತದೆ.

ಈಗ ಅಸಲು ವಿಷಯಕ್ಕೆ ಬರೋಣ. ವೈದ್ಯಕೀಯ ತ್ಯಾಜ್ಯ ಸುಡುವ ಇನ್ಸಿನರೇಟರ್ ಹೇಗಿರಬೇಕು ಎಂದು 2016ರ ನಿಯಮ ಹೇಳುತ್ತದೆ. ಎರಡು ಕೋಣೆ ಇರಬೇಕು. ಮೊದಲನೆಯದರಲ್ಲಿ 800 ಡಿಗ್ರಿ ಸುಮಾರು, ಎರಡನೆಯದರಲ್ಲಿ 1050 ಡಿಗ್ರಿ ಸುಮಾರು. ಎರಡನೇ ಕೋಣೆಯಲ್ಲಿ ಅನಿಲ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಚಿಮಣಿ ಕನಿಷ್ಠ 30 ಮೀಟರ್ ಎತ್ತರ ಇರಬೇಕು. ಡಯಾಕ್ಸಿನ್ ಮತ್ತು ಫ್ಯೂರಾನ್ ಎಂಬ ವಿಷಗಳು ಒಂದು ಘನ ಮೀಟರ್ ಅನಿಲಕ್ಕೆ 0.1 ನ್ಯಾನೋಗ್ರಾಂ ದಾಟಬಾರದು. ನಿಮ್ಮ ಬೇಸ್‌ಮೆಂಟಿನ ಪೆಟ್ಟಿಗೆಯಲ್ಲಿ ಇದರಲ್ಲಿ ಯಾವುದಿದೆ ಹೇಳಿ?

ಇಷ್ಟು ಬಿಗಿ ಯಾಕೆ ಅಂದರೆ ಡಯಾಕ್ಸಿನ್ ಕಸದಲ್ಲಿ ಮೊದಲೇ ಇರುವುದಿಲ್ಲ, ಸುಡುವಾಗ ಹುಟ್ಟುತ್ತದೆ. ಅದಕ್ಕೆ ಬೇಕಾದ್ದು ಇಂಗಾಲ, ಕ್ಲೋರಿನ್ ಮತ್ತು ಸುಮಾರು 200ರಿಂದ 450 ಡಿಗ್ರಿ ಶಾಖ. ಡ್ರಿಪ್ ಪೈಪು, ರಕ್ತದ ಚೀಲ ಹೆಚ್ಚಾಗಿ ಪಿವಿಸಿಯವು, ಏನೂ ಬೆರೆಸದ ಪಿವಿಸಿ ಪ್ಲಾಸ್ಟಿಕ್ಕಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ನೇ. ಊಟದ ಕಸದ ಉಪ್ಪಿನಲ್ಲೂ ಕ್ಲೋರಿನ್ ಇದೆ. ಸಾವಿರ ಡಿಗ್ರಿಯಲ್ಲಿ ಡಯಾಕ್ಸಿನ್ ಒಡೆದುಹೋಗುತ್ತದೆ ನಿಜ. ಆದರೆ ಅನಿಲ ನಿಧಾನವಾಗಿ ತಣ್ಣಗಾದರೆ ಮತ್ತೆ ಅದೇ 450ರಿಂದ 200ರ ಹಾದಿಯಲ್ಲಿ ಇಳಿಯಬೇಕು. ಆಗ ಮಸಿಯ ಕಣಗಳ ಮೇಲೆ ಮತ್ತೆ ಹುಟ್ಟುತ್ತದೆ. ತಾಮ್ರದ ಅಂಶ ಇದ್ದರಂತೂ ಇನ್ನೂ ಸುಲಭ. ಅದಕ್ಕೇ ದೊಡ್ಡ ಘಟಕಗಳಲ್ಲಿ ಅನಿಲವನ್ನು ಗಬಕ್ಕನೆ ತಣಿಸುತ್ತಾರೆ. ಅಯಸ್ಕಾಂತದ ಪೆಟ್ಟಿಗೆ ಆ ಅಪಾಯದ ಶಾಖದಲ್ಲೇ ದಿನವಿಡೀ ಕೂತಿರುತ್ತದೆ.

ಹೊಗೆ ಕಾಣಲಿಲ್ಲ, ವಾಸನೆ ಬರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಡಯಾಕ್ಸಿನ್ ಕಣ್ಣಿಗೆ ಕಾಣುವುದಿಲ್ಲ. ಅದು ನಮ್ಮ ಮೈ ಸೇರುವುದೂ ಹೆಚ್ಚಾಗಿ ಉಸಿರಿನಿಂದ ಅಲ್ಲ. ಶೇ 90ಕ್ಕಿಂತ ಹೆಚ್ಚು ಪಾಲು ಊಟದಿಂದ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅದರಲ್ಲೂ ಹಾಲು, ಮಾಂಸ, ಮೀನಿನಿಂದ. ಚಿಮಣಿಯಿಂದ ಹೊರಟದ್ದು ಹುಲ್ಲಿನ ಮೇಲೆ ಬೀಳುತ್ತದೆ, ಹಸು ಆ ಹುಲ್ಲು ತಿನ್ನುತ್ತದೆ, ವಿಷ ಹಾಲಿನ ಕೊಬ್ಬಿಗೆ ಸೇರುತ್ತದೆ. ವರ್ತೂರು ಕಡೆ ಕೆರೆಯಂಚಿನ ಹುಲ್ಲು ಕೊಯ್ದು ಹಸುಗಳಿಗೆ ಹಾಕುವುದನ್ನು ನೀವೇ ನೋಡಿರುತ್ತೀರಿ. ಒಮ್ಮೆ ಮೈಗೆ ಸೇರಿದ ಡಯಾಕ್ಸಿನ್ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಡಯಾಕ್ಸಿನ್‌ಗಳಲ್ಲಿ ಅತಿ ಕೆಟ್ಟದ್ದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು 1997ರಲ್ಲೇ ತೀರ್ಮಾನವಾಗಿದೆ.

ಮಾರುವವರು ಸರ್ಟಿಫಿಕೇಟ್ ತೋರಿಸುತ್ತಾರೆ, ಗೊತ್ತು. ಐಎಸ್‌ಒ ಸರ್ಟಿಫಿಕೇಟ್ ಕಂಪನಿಯ ಆಡಳಿತಕ್ಕೆ ಸಿಗುವಂಥದ್ದು, ಚಿಮಣಿಗಲ್ಲ. ಲ್ಯಾಬ್ ರಿಪೋರ್ಟ್ ಕೊಟ್ಟರೆ ಡಯಾಕ್ಸಿನ್ ಅನ್ನುವ ಸಾಲು ಎಲ್ಲಿದೆ ಎಂದು ಬೆರಳಿಟ್ಟು ಕೇಳಿ. ನನ್ನ ಕೈಗೆ ಬಂದ ರಿಪೋರ್ಟುಗಳಲ್ಲಿ ದೂಳಿನ ಲೆಕ್ಕ ಇತ್ತು, ಕಾರ್ಬನ್ ಮಾನಾಕ್ಸೈಡ್ ಇತ್ತು, ಆ ಸಾಲು ಇರಲಿಲ್ಲ.

ಗೋಡೆಗೆ ಹಾಕುವ ಸಣ್ಣ ಪ್ಯಾಡ್ ಸುಡುವ ಯಂತ್ರವೂ ಬೇಡ. ಹುಡುಗಿಯರ ಪಿಜಿ ಒಂದರಲ್ಲಿ ಅದರ ಬೂದಿ ಟ್ರೇ ಎಳೆದು ನೋಡಿದ್ದೇನೆ. ಮೇಲೆ ಕಪ್ಪು ಹಕ್ಕಳೆ, ಕಡ್ಡಿಯಿಂದ ಒತ್ತಿದರೆ ಒಳಗೆ ಬಿಳಿ ಜೆಲ್ಲು ಹಾಗೇ ಇತ್ತು. ಕೆಳಗಿನ ಪ್ಲಾಸ್ಟಿಕ್ ಪದರ ಕರಗಿ ಟ್ರೇಗೆ ಅಂಟಿತ್ತು. ಹೊಗೆ ಕೊಳವೆ ಮೆಟ್ಟಿಲ ಹತ್ತಿರದ ಕಿಟಕಿಯ ಪಕ್ಕ ಮುಗಿದಿತ್ತು, ಆ ಕಿಟಕಿಯಲ್ಲಿ ಯಾರದೋ ಟವೆಲ್ ಒಣಗುತ್ತಿತ್ತು. ಟ್ರೇ ತೊಳೆಯುವ ಹೆಂಗಸಿಗೆ ಕೈಗವಸು ಕೊಟ್ಟಿರಲಿಲ್ಲ.

ಪ್ಯಾಡನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಇಷ್ಟವಿದ್ದವರು ಮುಟ್ಟಿನ ಕಪ್ ಬಳಸಿ, ಕಸವೇ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ "ಆಸ್ಪತ್ರೆ ಕಸವನ್ನೂ ಸುಡ್ತಾರಲ್ಲ, ಅದಕ್ಕೇನಂತೀರಿ" ಎಂದು ಒಬ್ಬರಾದರೂ ಕೇಳುತ್ತಾರೆ. ಸುಡಲೇಬೇಕಾದ ಕಸವನ್ನು ಆಸ್ಪತ್ರೆಯಲ್ಲಿ ಹಳದಿ ಚೀಲಕ್ಕೆ ಹಾಕುತ್ತಾರೆ, ಅದನ್ನು ಸುಡುತ್ತಾರೆ, ಹೌದು. ನನಗೆ ಅದೂ ಇಷ್ಟವಿಲ್ಲ. ಅದಕ್ಕೇ ಆ ಚೀಲಕ್ಕೆ ಹೋಗುವುದು ಕಡಿಮೆಯಾಗಲಿ ಎಂದು ವಾರ್ಡುಗಳಲ್ಲಿ ನಿಂತು ನರ್ಸುಗಳ ಹತ್ತಿರ ಜಗಳ ಆಡುತ್ತೇನೆ. ಆಸ್ಪತ್ರೆ ಕಸದಲ್ಲಿ ಶೇ 85ರಷ್ಟು ಮಾಮೂಲಿ ಕಸ: ಕಾಗದ, ರಟ್ಟು, ಊಟದ ಡಬ್ಬಿ. ಅದನ್ನು ತಂದು ಹಳದಿ ಚೀಲಕ್ಕೆ ತುರುಕಿದರೆ ಎಲ್ಲವೂ ಬೆಂಕಿಗೆ. ಡ್ರಿಪ್ ಬಾಟಲಿ, ಟ್ಯೂಬು, ಸೂಜಿ ಇಲ್ಲದ ಸಿರಿಂಜು ಕೆಂಪು ಚೀಲಕ್ಕೆ ಹೋಗಬೇಕು. ಅವನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಯಲ್ಲಿ 60 ನಿಮಿಷ ಇಟ್ಟರೆ ರೋಗಾಣು ಸಾಯುತ್ತದೆ. ಆಮೇಲೆ ಚೂರು ಮಾಡಿ ಪ್ಲಾಸ್ಟಿಕ್ ಮರುಬಳಕೆಗೆ ಕೊಡಬಹುದು. ರೋಗಾಣು ಕೊಲ್ಲಲು ಬೆಂಕಿಯೇ ಬೇಕು ಎಂದು ನಂಬಿದ ಡಾಕ್ಟರುಗಳೂ ಇದ್ದಾರೆ. ಅವರು ಆಪರೇಷನ್‌ಗೆ ಬಳಸುವ ಕತ್ತರಿ ಚಿಮಟ ದಿನಾ ಬೇಯುವುದು ಯಾವುದರಲ್ಲಿ ಅಂದುಕೊಂಡಿದ್ದಾರೋ!

ಬಿಡದಿಯಲ್ಲಿ ಕಸದಿಂದ ಕರೆಂಟ್ ಮಾಡುತ್ತಾರೆ. ಕಸವೂ ಹೋಗುತ್ತೆ, ಕರೆಂಟೂ ಬರುತ್ತೆ. ನಿಮ್ಮಂಥವರಿಗೆ ಎಲ್ಲದಕ್ಕೂ ವಿರೋಧವೇ ಯಾಕೆ? (ಕೆಂಗೇರಿ)

ಎಲ್ಲದಕ್ಕೂ ಅಲ್ಲ, ಇದಕ್ಕೆ. ಬಿಡದಿ ಘಟಕ ದಿನಕ್ಕೆ 600 ಟನ್ ಕಸಕ್ಕೆ ಕಟ್ಟಿದ್ದು, ಸಾಮರ್ಥ್ಯ 11.5 ಮೆಗಾವಾಟ್. ನಮ್ಮ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ, ಅದು ಉರಿಯುವುದಿಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ದಿನಕ್ಕೆ 300 ಟನ್ ಸುಡುವ ಘಟಕ ಕಟ್ಟಿದರು. 21 ದಿನ ಓಡಿ ನಿಂತಿತು, ಕಸದಲ್ಲಿ ಬೇಕಾದಷ್ಟು ಕಾವೇ ಇರಲಿಲ್ಲ. ಹಾಗಾಗಿ ಇಂಥ ಘಟಕಕ್ಕೆ ಚೆನ್ನಾಗಿ ಉರಿಯುವ ಕಾಗದ, ಪ್ಲಾಸ್ಟಿಕ್ ಬೇಕು. ಅದೇ ಕಾಗದ, ಪ್ಲಾಸ್ಟಿಕ್ ಆಯ್ದು ಮಾರಿ ಬದುಕುವವರು ಒಣ ಕಸ ಕೇಂದ್ರಗಳಲ್ಲಿ, ನಾಯಂಡಹಳ್ಳಿಯಲ್ಲಿ, ಜಾಲಿ ಮೊಹಲ್ಲಾದಲ್ಲಿ ಇದ್ದಾರೆ. ಇನ್ನು ಕಸ "ಹೋಗುತ್ತೆ" ಅಂದಿರಿ. ತೂಕದಲ್ಲಿ ಐದರಲ್ಲೊಂದು ಪಾಲಾದರೂ ಬೂದಿಯಾಗಿ ಉಳಿಯುತ್ತದೆ. ಫಿಲ್ಟರಿನಲ್ಲಿ ಸಿಕ್ಕ ಹಾರುಬೂದಿಯಲ್ಲಿ ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್ ಎಲ್ಲ ಇರುತ್ತದೆ. ಅದನ್ನು ಅಪಾಯಕಾರಿ ತ್ಯಾಜ್ಯ ಎಂದೇ ನೋಡಬೇಕು. ಅದನ್ನು ಹೂಳುವುದು ಯಾರ ಊರಲ್ಲಿ? ಬೆಂಗಳೂರಿನ ಕಸ ಸುರಿಸಿಕೊಂಡ ಮಾವಳ್ಳಿಪುರದವರನ್ನು, ಮಂಡೂರಿನವರನ್ನು ಕೇಳಿ.

ಕಸಕ್ಕೆ ಬೆಂಕಿ ಇಡುವಾಗ ಬೇವಿನ ಸೊಪ್ಪು, ಕರ್ಪೂರ ಹಾಕಿದರೆ ವಿಷ ಹೋಗುತ್ತಂತೆ, ನಿಜವಾ? (ರಾಜಾಜಿನಗರ)

ಸುಳ್ಳು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಅಪ್ಪನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ಸೂಜಿಗೆ ಕ್ಯಾಪ್ ಹಾಕಿ ಒಣ ಕಸಕ್ಕೆ ಹಾಕ್ತೀವಿ. ಸರಿ ತಾನೆ? (ಬಸವನಗುಡಿ)

ಸರಿಯಲ್ಲ. ಆ ಚೀಲವನ್ನು ಒಣ ಕಸ ಕೇಂದ್ರದಲ್ಲಿ ಒಬ್ಬರು ಬರಿಗೈಯಲ್ಲಿ ಕೆದಕುತ್ತಾರೆ. ಕ್ಯಾಪ್ ಬಿಚ್ಚಿಕೊಳ್ಳುತ್ತದೆ, ಸೂಜಿ ಚುಚ್ಚುತ್ತದೆ. ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಈ ರೋಗ ಹರಡಿ ಹತ್ತಾರು ಜನ ಸತ್ತರು. ನೀವು ಎಸೆದ ಸಿರಿಂಜ್ ಗುಜರಿಗೆ ಹೋಗಿ ತೊಳೆದು ಮತ್ತೆ ಅಂಗಡಿಗೆ ಬರಬಾರದಲ್ವಾ? ಬಟ್ಟೆ ಸೋಪಿನ ಲಿಕ್ವಿಡ್ ಬರುವ ದಪ್ಪ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಳ್ಳಿ. ಸೂಜಿ ನೇರ ಅದರೊಳಗೆ ಬೀಳಲಿ, ಬಳಸಿದ ಸೂಜಿಗೆ ಕೈಯಿಂದ ಮತ್ತೆ ಕ್ಯಾಪ್ ಹಾಕಲು ಹೋಗಬೇಡಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, "ಸೂಜಿ" ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ. ನಿಮ್ಮ ಸಕ್ಕರೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೂಜಿ ಹಾಕುವ ಬಿಳಿ ಡಬ್ಬ ಇದ್ದೇ ಇರುತ್ತದೆ, ತೆಗೆದುಕೊಳ್ಳಿ ಎಂದು ಕೇಳಿ. ಇಲ್ಲ ಅಂದರೆ ಇನ್ನೊಮ್ಮೆ ಕೇಳಿ.

ಹಳೇ ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದೆ. ಗುಡಿಸಿ ಕಸಕ್ಕೆ ಹಾಕಲಾ? (ವಿಜಯನಗರ)

ಪೊರಕೆ ಮುಟ್ಟಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ. ಚಿನ್ನದ ಬಳೆ, ಉಂಗುರ ಬಿಚ್ಚಿಡಿ, ಪಾದರಸ ತಗಲಿದರೆ ಚಿನ್ನ ಹಾಳಾಗುತ್ತದೆ. (ಇಷ್ಟು ಹೇಳಿದರೆ ಮಾತ್ರ ಎಲ್ಲರೂ ಹುಷಾರಾಗುತ್ತಾರೆ ಅನ್ನುವುದು ನನ್ನ ಅನುಭವ.) ನೆಲದ ಮಟ್ಟಕ್ಕೆ ಟಾರ್ಚ್ ಹಿಡಿದರೆ ಗುಂಡುಗಳು ಮಿನುಗುತ್ತವೆ. ಎರಡು ದಪ್ಪ ರಟ್ಟಿನಿಂದ ಒಂದೆಡೆ ಸೇರಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು, ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಬಾಟಲಿಗೆ ಬಿಟ್ಟು ಮುಚ್ಚಿ. ಉಳಿದ ಚೂರಿಗೆ ಟೇಪ್ ಒತ್ತಿ ತೆಗೆಯಿರಿ. ಸಿಂಕಿಗೆ, ಒಲೆಗೆ ಹಾಕಬೇಡಿ. ಪಾದರಸ ಸುಟ್ಟುಹೋಗುವುದಿಲ್ಲ, ಆವಿಯಾಗಿ ನಿಮ್ಮ ಮೂಗಿಗೇ ಬರುತ್ತದೆ.

ಅದೇ ಪಾದರಸ ಶುದ್ಧಿ ಮಾಡಿ ಔಷಧಿ ಕೊಡ್ತೀನಿ ಅನ್ನುವ ಪಂಡಿತರೊಬ್ಬರು ಪರಿಚಯ. ಕೊಡಲಾ? (ವಿಜಯನಗರದವರೇ)

ಬೇಡ. ಅವರ ಹತ್ತಿರ ನೀವೂ ಔಷಧಿ ತಗೊಳ್ಳಬೇಡಿ.

ನಮ್ಮದು ಒಂದೇ ಕೋಣೆಯ ಕ್ಲಿನಿಕ್. ದಿನಕ್ಕೆ ನಾಲ್ಕೈದು ಇಂಜೆಕ್ಷನ್ ಅಷ್ಟೇ. ನಮಗೂ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಬೇಕಾ? ಹಿಂದುಗಡೆ ಡ್ರಮ್ಮಿನಲ್ಲಿ ಸುಟ್ಟರೆ ಆಗಲ್ವಾ? (ಯಲಹಂಕ)

ಬೇಕು. ಒಂದು ಹಾಸಿಗೆ ಇಲ್ಲದಿದ್ದರೂ ಬೇಕು. 75 ಕಿಲೋಮೀಟರ್ ಒಳಗೆ ಆಸ್ಪತ್ರೆ ಕಸ ಸಂಸ್ಕರಿಸುವ ಸಾಮೂಹಿಕ ಘಟಕ ಇದ್ದರೆ ಆಸ್ಪತ್ರೆಯವರು ಸ್ವಂತ ಇನ್ಸಿನರೇಟರ್ ಹಾಕುವಂತಿಲ್ಲ, ನಿಮ್ಮ ಡ್ರಮ್ಮಿನ ಮಾತು ದೂರ ಉಳಿಯಿತು. ಸಂಸ್ಕರಿಸದ ಕಸ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಘಟಕದವರ ಗಾಡಿಗೆ ಇವತ್ತೇ ಹೆಸರು ಬರೆಸಿ. ಡ್ರಮ್ಮಿನ ತಳದಲ್ಲಿ ಈಗಾಗಲೇ ಉಳಿದಿರುವ ಸೂಜಿಗಳನ್ನು ಇಕ್ಕಳದಿಂದ ಎತ್ತಿ ಬಿಳಿ ಡಬ್ಬಕ್ಕೆ ಹಾಕಿ, ಆಯಾ ಕೈಲಿ ಮಾಡಿಸಬೇಡಿ, ನೀವೇ ಮಾಡಿ.