ಟ್ಯಾಂಕಿನಲ್ಲಿ ಘಾಟು, ಕೊನೆಯ ಓಣಿಯಲ್ಲಿ ಸೊನ್ನೆ

ಪ್ರಶ್ನೆ: ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಹಳ್ಳಿಯಲ್ಲಿ ಹೊಸದಾಗಿ ನೀರುಗಂಟಿಯಾಗಿದ್ದೇನೆ. 50,000 ಲೀಟರ್ ಟ್ಯಾಂಕ್ ತುಂಬಿದ ಮೇಲೆ ಒಂದು ಕಿಲೋ ಬ್ಲೀಚಿಂಗ್ ಪೌಡರ್ ಸುರಿದು ಕೂಡಲೇ ವಾಲ್ವ್ ತೆಗೆಯುವುದು ಇಲ್ಲಿನ ರೂಢಿ. ಟ್ಯಾಂಕ್ ಪಕ್ಕದವರು ವಾಸನೆ ಅಂತ ಜಗಳಕ್ಕೆ ಬರುತ್ತಾರೆ. ಕೊನೆಯ ಓಣಿಯ ನಳದಲ್ಲಿ ಕ್ಲೋರಿನ್ ಪರೀಕ್ಷಿಸಿದರೆ ಬಣ್ಣವೇ ಬರಲ್ಲ. ಪೌಡರ್ ಹೆಚ್ಚಿಸಲೇ?

ಉತ್ತರ: ಬೇಡ. ಹೆಚ್ಚಿಸಿದರೆ ಜಗಳ ಹೆಚ್ಚೀತು, ಕೊನೆಯ ಓಣಿ ಹಾಗೇ ಉಳಿದೀತು.

ಹೊಸ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ನಮ್ಮ ಕಡೆಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ, ಬಾಯಿ ಬಿಚ್ಚಿದ ಚೀಲದಲ್ಲಿ ಅದು ಬೇಗ ಇಳಿಯುತ್ತದೆ. 25% ಎಂದೇ ಹಿಡಿದರೂ ನಿಮ್ಮ ಒಂದು ಕಿಲೋಗೆ ಲೀಟರಿಗೆ 5 ಮಿಲಿಗ್ರಾಂ ಬಿತ್ತು. ನಳದಲ್ಲಿ ಉಳಿಯಬೇಕಾದ್ದು ಕನಿಷ್ಠ 0.2, ಭಾರತೀಯ ಮಾನಕದ ಪ್ರಕಾರ 1ಕ್ಕಿಂತ ಹೆಚ್ಚಾಗಬಾರದು.

ಪ್ರಮಾಣವನ್ನು ನೀರನ್ನೇ ಕೇಳಿ. 40 ಗ್ರಾಂ ಪೌಡರ್ ಒಂದು ಲೀಟರ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಅರ್ಧ ಗಂಟೆ ಬಿಡಿ. 10 ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ನಿಮ್ಮ ಬೋರ್‌ವೆಲ್ ನೀರು ತುಂಬಿ, ಆ ತಿಳಿನೀರನ್ನು ಮೆಡಿಕಲ್ ಶಾಪಿನ ಸಿರಿಂಜಿನಿಂದ 1, 2, 3, 4 ಮಿಲಿ ಹಾಕಿ ಕಲಕಿ. ಮತ್ತೆ ಅರ್ಧ ಗಂಟೆ ಕಾದು ಪರೀಕ್ಷಿಸಿ. 0.5ರ ಆಸುಪಾಸು ಬಂದ ಬಕೆಟ್ಟೇ ನಿಮ್ಮ ಲೆಕ್ಕ. 2 ಮಿಲಿಯದ್ದಾದರೆ ಟ್ಯಾಂಕಿಗೆ 10 ಲೀಟರ್ ದ್ರಾವಣ ಬೇಕು, ಅಂದರೆ 400 ಗ್ರಾಂ ಪೌಡರ್. ಇದರಲ್ಲೊಂದು ಅನುಕೂಲವಿದೆ: ಅದೇ ಚೀಲದ ಪೌಡರ್ ಬಳಸುವುದರಿಂದ ಅದೆಷ್ಟು ಸತ್ವ ಕಳೆದುಕೊಂಡಿದೆ ಎಂಬುದು ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ. ಚೀಲ ಬದಲಾದರೆ ಮತ್ತೆ ಮಾಡಿ.

ಟ್ಯಾಂಕ್ ಕಾಲು ಭಾಗ ತುಂಬಿದಾಗಲೇ ತಿಳಿನೀರನ್ನು ಹಾಕಿದರೆ ಮೇಲಿಂದ ಬೀಳುವ ನೀರೇ ಕಲಕುತ್ತದೆ. ತುಂಬಿದ ಮೇಲೆ ಅರ್ಧ ಗಂಟೆ ವಾಲ್ವ್ ಮುಟ್ಟಬೇಡಿ. ಗಸಿಯನ್ನು ಟ್ಯಾಂಕಿಗೆ ಸುರಿಯಲೇಬಾರದು. ಪರಸಿ ಕಲ್ಲಿನ, ಅಂದರೆ ಸುಣ್ಣಕಲ್ಲಿನ, ಈ ಸೀಮೆಯ ನೀರಲ್ಲಿ ಸುಣ್ಣಕ್ಕೇನು ಬರವೇ?

ಇಷ್ಟಾದ ಮೇಲೂ ಕೊನೆಯಲ್ಲಿ ಸೊನ್ನೆ ಬಂದರೆ ತಪ್ಪು ಪೈಪಿನಲ್ಲಿದೆ. ಟ್ಯಾಂಕಿನಿಂದ ಓಣಿ ಓಣಿಗೂ ಒಂದೊಂದು ನಳದಲ್ಲಿ ಪರೀಕ್ಷಿಸುತ್ತಾ ನಡೆಯಿರಿ. 0.4, 0.4, ಆಮೇಲೆ ಥಟ್ಟನೆ ಸೊನ್ನೆ ಬಂದರೆ ಆ ಎರಡು ನಳಗಳ ನಡುವೆ ಹುಡುಕಿ: ನೀರು ನಿಂತ ವಾಲ್ವ್ ಗುಂಡಿ, ಗಟಾರಿನೊಳಗಿಂದ ಹಾದ ಮನೆ ಸಂಪರ್ಕ. ಸರಬರಾಜು ನಿಂತಾಗ ಖಾಲಿಯಾಗುವ ಪೈಪು ಅಲ್ಲಿಂದ ಕೊಳಕನ್ನು ಒಳಗೆಳೆಯುತ್ತದೆ. ನಳಕ್ಕೆ ನೇರ ಮೋಟರ್ ಹಚ್ಚುವವರಿದ್ದರೆ ಇನ್ನೂ ಜೋರಾಗಿ. ಏಕಾಏಕಿ ಸೊನ್ನೆಯಾಗದೆ ಮೆಲ್ಲಗೆ ಇಳಿಯುತ್ತಿದ್ದರೆ ಪೈಪಿನೊಳಗಿನ ಲೋಳೆ, ಹೂಳು ಕ್ಲೋರಿನ್ ತಿನ್ನುತ್ತಿವೆ. ಪೈಪಿನ ಕೊನೆಯಲ್ಲಿ ನೀರು ಹೊರಬಿಡುವ ವಾಲ್ವ್ (ವಾಶ್‌ಔಟ್) ತೆಗೆದು ನೀರು ತಿಳಿಯಾಗುವವರೆಗೆ ಹರಿಸಿ.

ಪರೀಕ್ಷೆಯಲ್ಲೂ ಒಂದು ಮೋಸವಿದೆ. ಹಳದಿ ಬರುವ ಆರ್ಥೊಟೊಲಿಡಿನ್ ದ್ರಾವಣವಾದರೆ ಹತ್ತು ಸೆಕೆಂಡಿನೊಳಗೆ ಓದಬೇಕು. ತಡವಾದಷ್ಟೂ ಬೇರೆ ಕಲ್ಮಶದ ಜೊತೆ ಕೂಡಿದ, ಅಷ್ಟು ಕೆಲಸಕ್ಕೆ ಬಾರದ ಕ್ಲೋರಿನ್ ಕೂಡ ಬಣ್ಣ ಕೊಡುತ್ತದೆ. ಸಿಕ್ಕರೆ ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆಯ ಮಾತ್ರೆಯೇ ಮೇಲು.

ಪೌಡರ್ ಚೀಲವನ್ನು ಮೋಟರ್ ಕೋಣೆಯಲ್ಲಿಡಬೇಡಿ. ಅದರ ಹಬೆಗೆ ಸ್ಟಾರ್ಟರಿನ ತಾಮ್ರದ ಭಾಗಗಳು ಹಸಿರುಗಟ್ಟುತ್ತವೆ. ಆಮೇಲೆ ಮೋಟರ್ ಸುಟ್ಟಿತೆಂದು ಮೆಕ್ಯಾನಿಕ್ ಕರೆಸುತ್ತೀರಿ.