12 ನಿಮಿಷದ ದಾರಿಗೆ 40 ನಿಮಿಷ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ನಮ್ಮಿಬ್ಬರನ್ನೂ ಹವಾಯಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ಹೊನೊಲುಲುವಿನಿಂದ ಮೌಯಿ ದ್ವೀಪದ ಕಹುಲುಯಿಗೆ 160 ಕಿ.ಮೀ. ಅಂತೆ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ ಅಂದಮೇಲೆ 12 ನಿಮಿಷ ಸಾಕಲ್ವಾ? ಟಿಕೆಟ್‌ನಲ್ಲಿ 40 ನಿಮಿಷ ಅಂತಿದೆ. ಅಷ್ಟು ಹತ್ತಿರ ಇದ್ದರೆ ದೋಣಿಯಲ್ಲೇ ಹೋಗಬಹುದಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಗುಣಾಕಾರ ಭಾಗಾಕಾರ ಸರಿಯಾಗಿಯೇ ಇದೆ ಮೇಡಂ. ಆದರೆ ಟಿಕೆಟ್‌ನಲ್ಲಿ ಬರೆಯುವುದು ಹಾರುವ ಹೊತ್ತನ್ನಲ್ಲ. ನಾನು ವಿಮಾನಗಳ ಹಾದಿ, ಇಂಧನದ ಲೆಕ್ಕ ಹಾಕುವ ಕೆಲಸದಲ್ಲಿದ್ದವನು. ವಿಮಾನ ಉರುಳದಂತೆ ಚಕ್ರಕ್ಕೆ ಅಡ್ಡ ಇಟ್ಟ ಚಾಕ್ ಎಂಬ ದಿಮ್ಮಿ ತೆಗೆಯುತ್ತಾರಲ್ಲ, ನಮ್ಮ ಲೆಕ್ಕ ಶುರುವಾಗುವುದು ಆಗ. ಇಳಿದ ಊರಿನಲ್ಲಿ ಮತ್ತೆ ಚಾಕ್ ಇಟ್ಟಾಗ ಮುಗಿಯುವುದು. ನಡುವೆ ರನ್‌ವೇವರೆಗೆ ಹೋಗಬೇಕು, ಸರದಿಗೆ ಕಾಯಬೇಕು. ಹೊನೊಲುಲುವಿನ ಒಂದು ರನ್‌ವೇಯಂತೂ ಸಮುದ್ರದ ಹವಳದ ದಿಬ್ಬದ ಮೇಲೆ ಕಟ್ಟಿದ್ದು, ಟರ್ಮಿನಲ್‌ನಿಂದ ಸಾಕಷ್ಟು ದೂರ.

ಇನ್ನು ಆ 800 ಕಿ.ಮೀ. ವೇಗ. ಅದು ಮೇಲೆ ಹೋಗಿ ನೆಟ್ಟಗೆ ಸಾಗುವಾಗ ಸಿಗುವ ವೇಗ. ಅಮೆರಿಕದಲ್ಲಿ 10 ಸಾವಿರ ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮೀರುವ ಹಾಗಿಲ್ಲ. ನಿಮ್ಮ ವಿಮಾನ ಏರಿ ಮುಗಿಸುವಷ್ಟರಲ್ಲಿ ಇಳಿಯೋಕೆ ಶುರು ಮಾಡಿರುತ್ತದೆ. ದೂರದ ವಿಮಾನಗಳು ಹಾರುವ 35 ಸಾವಿರ ಅಡಿಯ ಮಾತೇ ಇಲ್ಲ.

ಕೊನೆಯ ತಿರುವು ನನಗೆ ತುಂಬಾ ಇಷ್ಟ. ಕಹುಲುಯಿಯಲ್ಲಿ ಹೆಚ್ಚಾಗಿ ಈಶಾನ್ಯದ ಗಾಳಿ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಅದಕ್ಕೇ ಪಶ್ಚಿಮದಿಂದ ಬಂದರೂ ನೇರ ಇಳಿಯದೆ, ದ್ವೀಪದ ದಕ್ಷಿಣಕ್ಕೆ ಬಳಸಿಕೊಂಡು ಮಾಲಾಯಾ ಕೊಲ್ಲಿಯ ಕಡೆಯಿಂದ ಒಳಗೆ ಬರುತ್ತದೆ. ಎಡಕ್ಕೆ ಪಶ್ಚಿಮ ಮೌಯಿಯ ಬೆಟ್ಟಗಳು, ಬಲಕ್ಕೆ 3,055 ಮೀಟರ್ ಎತ್ತರದ ಹಲೆಯಾಕಲಾ ಜ್ವಾಲಾಮುಖಿ. ನಡುವಿನ ಬಯಲಿನ ಮೇಲೆ ಹಾದು ಉತ್ತರಕ್ಕೆ ಮುಖ ಮಾಡಿ ಇಳಿಯುತ್ತದೆ. ಮ್ಯಾಪಿನಲ್ಲಿ ಗೆರೆ ಎಳೆದು ಅಳೆದ 160 ಕಿ.ಮೀ.ನಲ್ಲಿ ಈ ಸುತ್ತು ಸೇರಿರುವುದಿಲ್ಲ. ಆಗಲಿ ಬಿಡಿ, ಕಿಟಕಿ ಪಕ್ಕದ ಸೀಟನ್ನೇ ಕೇಳಿ.

12 ನಿಮಿಷಕ್ಕಿಂತ ಬೇಗ ಮುಗಿಯುವ ಹಾರಾಟವೂ ಇದೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಎರಡು ನಿಮಿಷ. ಗಾಳಿ ಸಹಾಯ ಮಾಡಿದ ಒಂದು ದಿನ 53 ಸೆಕೆಂಡಿನಲ್ಲೇ ತಲುಪಿದ ದಾಖಲೆ ಇದೆ. ಲೋಗನ್‌ಏರ್ 1967ರಿಂದ ನಡೆಸುತ್ತಾ ಬಂದಿರುವ ಸೇವೆ ಅದು. ಐಲ್ಯಾಂಡರ್ ಎಂಬ ಪುಟ್ಟ ವಿಮಾನ, ಪೈಲಟ್ ಪಕ್ಕದ ಸೀಟಿನಲ್ಲೂ ಪ್ರಯಾಣಿಕರು ಕೂರಬಹುದು. ಎತ್ತರಕ್ಕೆ ಏರುವ ಗೋಜಿಲ್ಲ, ರನ್‌ವೇ ಸರದಿಯೂ ಇಲ್ಲ. ಅದಕ್ಕೇ ಅಲ್ಲಿ ದೂರಕ್ಕೂ ಹೊತ್ತಿಗೂ ತಾಳೆಯಾಗುತ್ತದೆ.

ದೋಣಿಯ ವಿಚಾರ: ಹೊನೊಲುಲುವಿಗೂ ಮೌಯಿಗೂ ಈಗ ಪ್ರಯಾಣಿಕರ ಹಡಗಿನ ಸೇವೆ ಇಲ್ಲ. ಇದ್ದ ಸೂಪರ್‌ಫೆರಿ 2009ರಲ್ಲಿ ನಿಂತಿತು. ವಿಮಾನವೇ ಗತಿ.

ಒಂದು ಮಾತು ಮಗನಿಗೆ ಹೇಳಿ. 40 ನಿಮಿಷ ಅಂತ ನಂಬಿ ಆ ದಿನ ಬೇರೆ ಕಾರ್ಯಕ್ರಮ ತುಂಬಬೇಡಿ. ಹೋಟೆಲ್ ಬಿಡುವುದು, ತಪಾಸಣೆ, ಲಗೇಜು, ಆ ಕಡೆ ಕಾರು ಎಲ್ಲ ಸೇರಿ ಅರ್ಧ ದಿನ ಹೋಗುತ್ತದೆ. ಮೌಯಿಯಿಂದ ವಾಪಸಾದ ದಿನವೇ ದೊಡ್ಡ ವಿಮಾನ ಹಿಡಿಯುವುದಿದ್ದರೆ ಎರಡನ್ನೂ ಒಂದೇ ಬುಕಿಂಗ್‌ನಲ್ಲಿ ಮಾಡಿಸಲಿ. ಬೇರೆ ಬೇರೆ ಟಿಕೆಟ್ ಆದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೈಯಿಂದಲೇ ದುಡ್ಡು ಹಾಕಬೇಕಾದೀತು.