ಟಿಕೆಟ್ ಹೋಯ್ತು, ಸೀಟು ಉಳೀತು: ಸಂಪಾದಕರ ಉತ್ತರ

ದಾವಣಗೆರೆಯಿಂದ ಓದುಗರೊಬ್ರು ಬರೆದಿದಾರೆ: "ಅಮೆರಿಕದ ಸೆನೆಟರ್ ಜೋ ಲೀಬರ್‌ಮನ್ 2006ರಲ್ಲಿ ನೆಡ್ ಲಮಾಂಟ್ ಅನ್ನೋ ಹೊಸಬನ ಕೈಲಿ ಸೋತ್ರು ಅಂತ ಹಾಕಿದ್ದೀರಿ. ಆದ್ರೆ ಅವ್ರು 2013ರವರೆಗೂ ಸೆನೆಟರ್ ಆಗೇ ಇದ್ರಲ್ಲ? ಇನ್ನೊಂದು, ಸೋತೋರು ಮತ್ತೆ ನಿಲ್ಲೋದು ಮೋಸ ಅಲ್ವಾ?"

ಸ್ವಾಮಿ, ಸೋತಿದ್ದೂ ನಿಜ, ಉಳ್ಕೊಂಡಿದ್ದೂ ನಿಜ. ಸೋತಿದ್ದು ಟಿಕೆಟ್ ಮಾತ್ರ. ಅಲ್ಲಿ ಟಿಕೆಟ್ ಕೊಡೋಕೆ ಹೈಕಮಾಂಡ್ ಇಲ್ಲ, ಕನೆಕ್ಟಿಕಟ್ ರಾಜ್ಯದಲ್ಲಿ ಡೆಮಾಕ್ರಟ್ ಅಂತ ಹೆಸರು ನೋಂದಾಯಿಸಿರೋ ಮತದಾರರೇ ಪ್ರೈಮರೀಲಿ ಓಟು ಹಾಕಿ ಆರಿಸ್ತಾರೆ. ಆಗಸ್ಟ್ 8ಕ್ಕೆ ಲಮಾಂಟ್‌ಗೆ ಸುಮಾರು 52 ಪರ್ಸೆಂಟ್, ಲೀಬರ್‌ಮನ್‌ಗೆ 48. ಒಬ್ರು ಮೂರು ಅವಧಿ ಸೆನೆಟರ್, 2000ದಲ್ಲಿ ಅಲ್ ಗೋರ್ ಜೊತೆ ಉಪಾಧ್ಯಕ್ಷ ಹುದ್ದೆಗೆ ನಿಂತೋರು, ಇನ್ನೊಬ್ರು ಕೇಬಲ್ ಟೀವಿ ಬಿಸಿನೆಸ್‌ನ ದುಡ್ಡಿರೋ ಕುಳ, ರಾಜಕೀಯ ಅಂದ್ರೆ ತಮ್ಮೂರು ಗ್ರೀನಿಚ್‌ನ ಆಡಳಿತದಲ್ಲಿ ಒಂದಿಷ್ಟು ಓಡಾಡಿದ್ದಷ್ಟೇ. ಹಿರಿಯರನ್ನ ಕೆಡವಿದ್ದು ಇರಾಕ್ ಯುದ್ಧ, ಅದಕ್ಕೆ ಲೀಬರ್‌ಮನ್ ಬೆಂಬಲ ಕೊಟ್ಟಿದ್ರು. 2005ರಲ್ಲಿ ಸಂಸತ್ತಲ್ಲಿ ಭಾಷಣ ಮುಗಿಸಿ ಹೊರಟ ರಿಪಬ್ಲಿಕನ್ ಪಾರ್ಟಿ ಅಧ್ಯಕ್ಷ ಜಾರ್ಜ್ ಬುಷ್ ಇವರನ್ನ ಅಪ್ಕೊಂಡು ಕೆನ್ನೆಗೆ ಮುತ್ತು ಕೊಟ್ಟಂಗೆ ಕಾಣ್ತು ನೋಡಿ, ವಿರೋಧಿಗಳು ಅದನ್ನ ಬ್ಯಾಡ್ಜ್ ಮಾಡಿ ಹಂಚಿದ್ರು!

ಆಮೇಲೆ ಲೀಬರ್‌ಮನ್ ನಮ್ಮ ಕಡೆ ಬಂಡಾಯ ಅಭ್ಯರ್ಥಿ ಅಂತೀವಲ್ಲ ಹಂಗೆ 'ಕನೆಕ್ಟಿಕಟ್ ಫಾರ್ ಲೀಬರ್‌ಮನ್' ಅಂತ ತಮ್ಮ ಹೆಸರಲ್ಲೇ ಒಂದು ಪಾರ್ಟಿ ಮಾಡ್ಕೊಂಡು ನಿಂತ್ರು. ನವೆಂಬರ್‌ನ ಅಸಲಿ ಚುನಾವಣೇಲಿ ಓಟು ಹಾಕೋರು ಬರೀ ಡೆಮಾಕ್ರಟ್‌ಗಳಲ್ಲ, ಯಾವ ಪಾರ್ಟಿಗೂ ಸೇರದೋರು ಆ ರಾಜ್ಯದಲ್ಲಿ ಬೇಜಾನ್ ಇದಾರೆ, ಜೊತೆಗೆ ರಿಪಬ್ಲಿಕನ್ ಅಭ್ಯರ್ಥಿ ಲೆಕ್ಕಕ್ಕೇ ಇರ್ಲಿಲ್ಲ, 10 ಪರ್ಸೆಂಟ್ ಆಸುಪಾಸು, ಆ ಪಾರ್ಟಿಯೋರೂ ಬಹುಪಾಲು ಇವರಿಗೇ ಒತ್ತಿದ್ರು. ಲೀಬರ್‌ಮನ್‌ಗೆ ಹತ್ತಿರ ಹತ್ತಿರ 50 ಪರ್ಸೆಂಟ್, ಲಮಾಂಟ್‌ಗೆ 40, ಹಂಗೆ ಗೆದ್ರು.

ಮೋಸ ಅನ್ನಲ್ಲ ನಾನು. ಪ್ರೈಮರೀಲಿ ಸೋತೋರು ಮತ್ತೆ ನಿಲ್ಲದಂಗೆ ಬೇರೆ ಎಷ್ಟೋ ರಾಜ್ಯದಲ್ಲಿ ಕಾನೂನಿದೆ, ಕನೆಕ್ಟಿಕಟ್‌ನಲ್ಲಿ ಇರ್ಲಿಲ್ಲ, ಅದನ್ನ ಬಳಸ್ಕೊಂಡ್ರು. ನಂಗೆ ಸರಿ ಕಾಣದೇ ಇರೋದು ಬೇರೆ. ಪ್ರೈಮರಿಗೆ ಒಂದು ತಿಂಗಳು ಮುಂಚೇನೇ, ಜುಲೈನಲ್ಲೇ, ಪಕ್ಷೇತರನಾಗಿ ನಿಲ್ಲೋಕೆ ಬೇಕಾದ 7,500 ಸಹಿ ಕಲೆ ಹಾಕ್ತೀನಿ ಅಂತ ಹೇಳಿಬಿಟ್ಟಿದ್ರು. ಅಂದ್ರೆ ಪಾರ್ಟಿಯೋರ ತೀರ್ಪು ತಮ್ಮ ಕಡೆಗಿದ್ರೆ ಮಾತ್ರ ತೀರ್ಪು ಅಂತಾಯ್ತಲ್ಲ. (ಇವರೇ 1988ರಲ್ಲಿ ಮೂರು ಅವಧಿಯ ಸೆನೆಟರ್ ಲೊವೆಲ್ ವೈಕರ್‌ನ ಸೋಲಿಸಿ ಬಂದೋರು. ಆಗ ವೈಕರ್‌ನ ನಿದ್ದೆ ಹೊಡೆಯೋ ಕರಡಿ ಮಾಡಿ ಟೀವಿ ಜಾಹೀರಾತು ಬಿಟ್ಟಿದ್ರು. 2006ರಲ್ಲಿ ಆ ವೈಕರ್ ನಿಂತಿದ್ದು ಲಮಾಂಟ್ ಕಡೆಗೆ!)

ಇನ್ನು ಪಾರ್ಟಿ ಏನ್ ಮಾಡ್ತು ಅಂತೀರಾ? ಚುನಾವಣೇಲಿ ಲಮಾಂಟ್‌ನ ಬೆಂಬಲಿಸಿದ್ದ ದೊಡ್ಡ ದೊಡ್ಡ ಡೆಮಾಕ್ರಟ್‌ಗಳೆಲ್ಲ ಗೆದ್ದು ಬಂದ ಲೀಬರ್‌ಮನ್‌ನ ಸೀನಿಯಾರಿಟಿ ಸಮೇತ ಒಳಗೆ ಕರ್ಕೊಂಡ್ರು, ಹೋಮ್‌ಲ್ಯಾಂಡ್ ಸೆಕ್ಯುರಿಟಿ ಕಮಿಟಿ ಅಧ್ಯಕ್ಷಗಿರೀನೂ ಕೊಟ್ರು. ಬೇರೆ ದಾರಿ ಇರ್ಲಿಲ್ಲ, 100 ಸೀಟಿನ ಸೆನೆಟ್‌ನಲ್ಲಿ ಇವರನ್ನೂ ಸೇರಿಸ್ಕೊಂಡ್ರೇನೇ 51, ಇವರು ರಿಪಬ್ಲಿಕನ್ ಕಡೆ ಹಾರಿದ್ರೆ 50-50, ಆಗ ನಿರ್ಣಾಯಕ ಓಟು ರಿಪಬ್ಲಿಕನ್ ಉಪಾಧ್ಯಕ್ಷ ಡಿಕ್ ಚೇನಿದು.